ತಪ್ಪಾತು ಸ್ವಾಮಿ

ನಮ್ಮ ಹಟ್ಟಿಯ ಮಕ್ಕಳು ಅಪ್ಪ, ಅವ್ವ ಅನ್ನುವುದನ್ನು ಕಲಿತ ಮೇಲೆ ಕಲಿಯುವ ಮಾತು ‘ತಪ್ಪಾತು’. ಪುಸ್ತಕದ ಕನ್ನಡದಲ್ಲಿ ‘ತಪ್ಪಾಯಿತು’ ಎಂದರೆ ತಪ್ಪು ಮಾಡಿದವರು ಆಡುವ ಮಾತು. ನಮ್ಮವರಿಗೆ ಅದು ಹಾಗಲ್ಲ. ದೊಡ್ಡವರ ಎದುರು ಮಾತು ಶುರು ಮಾಡುವುದಕ್ಕೆ, ಮುಗಿಸುವುದಕ್ಕೆ, ಬಾಗಿಲ ಬಳಿ ನಿಂತು ಕೆಮ್ಮುವ ಬದಲಿಗೆ, ಎಲ್ಲದಕ್ಕೂ ಅದೇ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲ ಎಂದು ಗದರಿದರೆ ನಮ್ಮಪ್ಪ ‘ತಪ್ಪಾತು ಸ್ವಾಮಿ’ ಅನ್ನುತ್ತಿದ್ದ. ಚಿಲ್ಲರೆ ಇಲ್ಲದೇ ಇದ್ದದ್ದು ಕಂಡಕ್ಟರ್ ಹತ್ತಿರ! ನಾನು ಪಕ್ಕದಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಅಪ್ಪನಿಗಿಂತ ನನ್ನ ತಮ್ಮ ಒಂದು ಕೈ ಮೇಲು. ಸಂತೆಯಲ್ಲಿ ಯಾರಾದರೂ ಅವನ ಕಾಲು ತುಳಿದರೆ ತುಳಿಸಿಕೊಂಡವನೇ ‘ತಪ್ಪಾತು’ ಅನ್ನುತ್ತಿದ್ದ. ಕುರಿಗೂ ಅನ್ನುತ್ತಿದ್ದ. ಉಣ್ಣೆ ಕತ್ತರಿಸುವಾಗ ಕತ್ತರಿ ಸ್ವಲ್ಪ ಚರ್ಮಕ್ಕೆ ತಾಗಿದರೆ, ಅರಿಶಿನ ಮೆತ್ತುತ್ತಾ ‘ತಪ್ಪಾತು ಕಣಮ್ಮ’ ಎಂದು ಅದರ ಕಿವಿಯ ಹತ್ತಿರ ಹೇಳುತ್ತಿದ್ದ. ನಾನು ಕಾಲೇಜು ಮೆಟ್ಟಿಲು ಹತ್ತಿದ ಮೊದಲ ವರ್ಷವೇ ಈ ಮಾತನ್ನು ಬಾಯಿಂದ ಕಿತ್ತು ಹಾಕಿದೆ. ಅವನಿಗೂ ಎಷ್ಟೋ ಸಲ ಹೇಳಿದೆ, ‘ಲೇ, ಮಾಡದ ತಪ್ಪಿಗೆಲ್ಲ ತಪ್ಪಾತು ಅನ್ನಬೇಡ, ಒಂದು ದಿನ ಯಾರಾದರೂ ನಿಜ ಅಂದುಕೊಳ್ಳುತ್ತಾರೆ’ ಎಂದು. ಅವನು ನಕ್ಕು, ‘ತಪ್ಪಾತು ಕಣಕ್ಕ’ ಅಂದಿದ್ದ.

ನಮ್ಮ ಹಟ್ಟಿ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ನಾನಿರುವುದು ಹೊಸದುರ್ಗದಲ್ಲಿ, ಬಾಡಿಗೆ ಮನೆಯಲ್ಲಿ. ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಅತಿಥಿಯಾಗಿ ಬಂದವಳು ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿದಿದ್ದೇನೆ. ಯಾವ ಮನೆಯವರಾದರೂ ಇಷ್ಟು ದಿನಕ್ಕೆ ಒಂದೋ ಒಳಗಿನವಳನ್ನಾಗಿ ಮಾಡಿಕೊಳ್ಳುತ್ತಿದ್ದರು, ಇಲ್ಲ ಹೋಗಿ ಬಾ ತಾಯಿ ಅನ್ನುತ್ತಿದ್ದರು. ತಮ್ಮ ಮಾತ್ರ ಅಪ್ಪನ ಕಸುಬನ್ನೇ ಹಿಡಿದ. ಬೇಸಿಗೆ ಬಂತೆಂದರೆ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆ ಹೋಗುತ್ತಿದ್ದ. ಮುಂಗಾರಿನ ಹೊತ್ತಿಗೆ ಹೊಳಲ್ಕೆರೆ, ಭೀಮಸಮುದ್ರ ಹಾದು ಹಟ್ಟಿಗೆ ವಾಪಸ್ಸು ಬರುತ್ತಿದ್ದ. ದಾರಿಯಲ್ಲಿ ಜಮೀನಿನವರು ಕರೆದು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರ, ಇವರಿಗೆ ಊಟ, ದವಸ.

ಹಾಗೆ ಬರುವ ದಾರಿಯಲ್ಲಿ ಬೇರೆ ಮಂದೆಯ ಕುರಿ ನಮ್ಮ ಮಂದೆ ಸೇರುವುದು ಮಾಮೂಲು. ಅದಕ್ಕೆ ನಮ್ಮವರು ‘ತಪ್ಪಿದ್ ಕುರಿ’ ಅನ್ನುತ್ತಾರೆ. ತಪ್ಪಿದ ಕುರಿಯನ್ನು ಓಡಿಸುವಂತಿಲ್ಲ, ಓಡಿಸಿದರೆ ನಾಯಿ ತೋಳದ ಪಾಲು. ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಅದರ ಉಣ್ಣೆ ಕತ್ತರಿಸುವಂತಿಲ್ಲ. ಕೊರಳಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿ, ಇದು ನಮ್ಮದಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ಮಾಡಿ, ಮೇಯಿಸಿಕೊಂಡಿರಬೇಕು. ಸಿಕ್ಕ ಸಂತೆಯಲ್ಲಿ, ಸಿಕ್ಕ ಹಟ್ಟಿಯಲ್ಲಿ ಯಾರದೆಂದು ವಿಚಾರಿಸಬೇಕು. ಅದು ಮರಿ ಹಾಕಿದರೆ ಮರಿಯೂ ಕುರಿಯ ಯಜಮಾನನದೇ. ಅವನು ಹುಡುಕಿಕೊಂಡು ಬಂದ ದಿನ ಕುರಿ ಒಪ್ಪಿಸಿ, ಅವನು ಕೊಟ್ಟ ಎಲೆ ಅಡಿಕೆ ಹಾಕಿಕೊಂಡರೆ ಲೆಕ್ಕ ಚುಕ್ತಾ. ನಮ್ಮಪ್ಪ ಒಂದು ತಪ್ಪಿದ ಕುರಿಯನ್ನು ಅದು ಮುದಿಯಾಗುವವರೆಗೂ ಸಾಕಿದ್ದು ನನಗೆ ನೆನಪಿದೆ. ಅದರ ಮೈಮೇಲಿನ ಉಣ್ಣೆ ಕಂಬಳಿಯ ಹಾಗೆ ಜೋತಾಡುತ್ತಿತ್ತು.

ಒಂದು ವರ್ಷ ಹೊಳಲ್ಕೆರೆ ದಾಟಿ ಬರುವಾಗ ತಮ್ಮನ ಮಂದೆಗೆ ಮೂರು ಕುರಿ ಸೇರಿಕೊಂಡವು. ಅವನು ಕೆಂಪು ಬಟ್ಟೆ ಕಟ್ಟಿದ. ಒಂದು ಕುರಿ ಮರಿಯನ್ನೂ ಹಾಕಿತು. ಆ ಸುತ್ತಿನಲ್ಲಿ ಅದೇ ದಿನಗಳಲ್ಲಿ ಯಾರೋ ಗಾಡಿ ತಂದು ರಾತ್ರೋರಾತ್ರಿ ಕುರಿ ತುಂಬಿಕೊಂಡು ಹೋಗುತ್ತಿದ್ದರಂತೆ. ಕುರಿ ಕಳಕೊಂಡ ಜಮೀನುದಾರರೊಬ್ಬರು ದೂರು ಕೊಟ್ಟಿದ್ದರು. ಪೊಲೀಸರು ರಸ್ತೆ ಬದಿಯಲ್ಲಿ ತಮ್ಮನ ಮಂದೆ ನಿಲ್ಲಿಸಿದರು. ಕೆಂಪು ಬಟ್ಟೆಯವು ಎದ್ದು ಕಾಣುತ್ತಿದ್ದವು. ಮುಂದಿನದನ್ನು ಅವನೇ ಜೈಲಿನಲ್ಲಿ ನನಗೆ ಹೇಳಿದ.

‘ಯಾರ್ದೋ ಈ ಕುರಿ?’ ಎಂದು ಕೇಳಿದರಂತೆ.

‘ತಪ್ಪಿದ್ವು ಸ್ವಾಮಿ’ ಅಂದನಂತೆ ಇವನು.

‘ತಪ್ಪಾತು ಅಂತೀಯ? ಯಾವಾಗ ಕದ್ದೆ?’

‘ಅಯ್ಯೋ, ತಪ್ಪಾತು ಸ್ವಾಮಿ, ಕದ್ದಿಲ್ಲ. ತಪ್ಪಿದ್ವು.’

ಕೇಳಿದವರು ಊರ ಕಡೆಯವರಲ್ಲವೋ, ಅಥವಾ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲವೋ, ನನಗೆ ಗೊತ್ತಿಲ್ಲ. ಅವರ ಕಿವಿಗೆ ಎರಡು ಸಲ ತಪ್ಪಾಯಿತು ಅಂದವನನ್ನು ಜೀಪಿಗೆ ಹತ್ತಿಸಿದರು. ಕುರಿಯ ಕಿವಿಯಲ್ಲಿ ಬೇರೆಯವರ ಗುರುತಿನ ಸೀಳು ಹಾಗೇ ಇತ್ತು. ಕಳ್ಳನಾಗಿದ್ದರೆ ಮೊದಲು ಆ ಕಿವಿಯನ್ನು ಕೊಯ್ದು ತನ್ನ ಗುರುತು ಹಾಕುತ್ತಿದ್ದ. ಇದು ನಮ್ಮ ಹಟ್ಟಿಯ ಕೂಸಿಗೂ ಗೊತ್ತು. ಆದರೆ ಅದೇ ಸೀಳು ಕಳವು ಮಾಲು ಎನ್ನುವುದಕ್ಕೆ ಸಾಕ್ಷಿಯಾಯಿತು. ತಾನು ಪ್ರಾಮಾಣಿಕ ಎಂದು ಕುರಿಯ ಕೊರಳಿಗೆ ಕಟ್ಟಿದ ಬಟ್ಟೆಯೇ ಅವನನ್ನು ಹಿಡಿಸಿಕೊಟ್ಟಿತು. ಮರಿಯನ್ನೂ ಸೇರಿಸಿ ಜಪ್ತಿ ಮಾಡಿದರು.

ಇಲ್ಲಿಯವರೆಗಿನ ಕತೆ ಕೇಳಿದವರು, ‘ಅಯ್ಯೋ ಪಾಪ, ಬೇಲ್ ಸಿಗಲಿಲ್ಲವಾ?’ ಅನ್ನುತ್ತಾರೆ. ಸಿಕ್ಕಿತು ಸ್ವಾಮಿ, ಬೇಗನೇ ಸಿಕ್ಕಿತು. ಸಿಗದೇ ಇದ್ದದ್ದು ಜಾಮೀನು ನಿಲ್ಲುವ ಮನುಷ್ಯ. ಜಾಮೀನುದಾರ ಇದೇ ಕಡೆಯವನಾಗಿರಬೇಕು, ಅವನ ಹೆಸರಿನಲ್ಲಿ ಪಹಣಿ ಇರಬೇಕು. ನಮ್ಮ ಜಮೀನಿನ ಪಹಣಿ ಇವತ್ತಿಗೂ ನಮ್ಮ ತಾತನ ಹೆಸರಿನಲ್ಲಿದೆ. ನಮ್ಮದೊಂದೇ ಅಲ್ಲ, ಹಟ್ಟಿಯ ಮುಕ್ಕಾಲು ಮನೆಗಳದ್ದೂ ಹಾಗೇ. ಪಹಣಿ ಇದ್ದವರೆಲ್ಲ ಸತ್ತು ಹೋಗಿದ್ದರು, ಬದುಕಿದವರ ಹತ್ತಿರ ಬರೀ ಕುರಿ ಇದ್ದವು. ಸತ್ತವರು ಕೋರ್ಟಿಗೆ ಬಂದು ಹೆಬ್ಬೆಟ್ಟು ಒತ್ತುವುದಿಲ್ಲ, ಕುರಿಗೆ ಪಹಣಿ ಇರುವುದಿಲ್ಲ.

ನಾನೇ ನಿಲ್ಲುತ್ತೇನೆ ಎಂದು ಹೋದೆ. ಕೋರ್ಟಿನ ಗುಮಾಸ್ತರು ಒಳ್ಳೆಯವರೇ. ‘ಸರ್ಕಾರಿ ನೌಕರೀನಾ ಮೇಡಂ?’ ಅಂದರು. ‘ಅತಿಥಿ ಉಪನ್ಯಾಸಕಿ’ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಬೇಜಾರು ಮಾಡ್ಕಬ್ಯಾಡ್ರಿ. ಅತಿಥಿಗಳ್ದು ಜಾಮೀನು ನಡೆಯಲ್ಲ’ ಅಂದರು. ಮನೆಗೆ ಬಂದ ಅತಿಥಿ ಎಂದರೆ ದೇವರ ಸಮ ಎಂದು ಅದೇ ವಾರ ನಾನು ತರಗತಿಯಲ್ಲಿ ಗಂಟಲು ಹರಿಯುವ ಹಾಗೆ ಪಾಠ ಮಾಡಿ ಬಂದಿದ್ದೆ.

ಆಮೇಲೆ ಭೀಮಸಮುದ್ರದ ಕಡೆ ತೋಟದ ಯಜಮಾನರೊಬ್ಬರ ಮನೆಗೆ ಹೋದೆ. ನಮ್ಮಪ್ಪನ ಕಾಲದಿಂದಲೂ ನಮ್ಮ ಮಂದೆ ಅವರ ಹೊಲದಲ್ಲಿ ನಿಲ್ಲುತ್ತಿತ್ತು. ತಮ್ಮ ಅವರ ಮನೆಯಲ್ಲಿ ಒಂದು ಲೋಟ ಕೂಡ ಕದಿಯುವವನಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಂಗಳದಲ್ಲಿ ಸುಲಿದ ಅಡಿಕೆ ಹರಡಿತ್ತು. ಯಜಮಾನರು ಎದ್ದು ನಿಂತು ಬರಮಾಡಿಕೊಂಡರು.

‘ಬರ್ರಿ, ಬರ್ರಿ, ಕುಂತ್ಕಳ್ರಿ. ಲೇ, ಮೇಡಂಗೆ ಕಾಫಿ ತಗಂಬಾ.’

ಕಾಫಿ ಬಂತು. ನಮ್ಮಪ್ಪ ಆ ಮನೆಯಲ್ಲಿ ಕಾಫಿ ಕುಡಿದದ್ದು ಹಿತ್ತಲಲ್ಲಿ. ನನಗೆ ಕುರ್ಚಿ, ಟ್ರೇ, ಬಿಸ್ಕತ್ತು. ಡಿಗ್ರಿಯಿಂದ ಇಷ್ಟಾದರೂ ಆಯಿತಲ್ಲ ಅಂದುಕೊಂಡು ಕುಡಿದೆ.

‘ನಿಮ್ ತಮ್ಮ ಬಂಗಾರದಂಥ ಮನುಷ್ಯ’ ಅಂದರು. ‘ನಮ್ ಮನೆ ಕೀಲಿಕೈ ಬೇಕಾದ್ರೂ ಕೊಡ್ತೀನಿ ಅವನ ಕೈಗೆ. ಆದ್ರೆ ಕೋರ್ಟು ಅಂದ್ರೆ ನಮ್ ಮನೇಲಿ ಆಗಿ ಬರಲ್ಲ ನೋಡ್ರಿ. ನಮ್ ತಂದೆಯೋರ ಕಾಲದಿಂದ್ಲೂ ಕೋರ್ಟು ಮೆಟ್ಟಿಲು ಹತ್ತಿಲ್ಲ.’

ಅವರ ತಂದೆಯವರ ವಿಷಯ ನನಗೆ ಗೊತ್ತಿಲ್ಲ. ಅವರ ಅಣ್ಣನ ಮಗ ಹಿಂದಿನ ವರ್ಷ ಯಾರನ್ನೋ ಹೊಡೆದು ತಲೆ ಒಡೆದಾಗ ಸಂಜೆಯೊಳಗೆ ಮನೆಗೆ ಬಂದಿದ್ದ. ಅದು ಮಾತ್ರ ಸುತ್ತಲಿನವರಿಗೆಲ್ಲ ಗೊತ್ತು. ಆಗ ಕೋರ್ಟೇ ಮೆಟ್ಟಿಲಿಳಿದು ಇವರ ಮನೆಗೆ ಬಂದಿತ್ತೋ ಏನೋ. ನಾಲಿಗೆ ತುದಿಯವರೆಗೆ ಬಂತು, ಕೇಳಲಿಲ್ಲ. ಹೊರಡುವಾಗ ಒಂದು ಹಿಡಿ ಅಡಿಕೆ ಕೊಟ್ಟರು. ಬಸ್ಸಿನಲ್ಲಿ ಆ ಅಡಿಕೆಯನ್ನು ಕಿಟಕಿಯಾಚೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ತಮ್ಮನ ಹೆಂಡತಿಗೆ ಎಲೆ ಅಡಿಕೆ ಎಂದರೆ ಇಷ್ಟ.

ಹೀಗೆ ತಿಂಗಳು ಉರುಳಿದವು. ಉಚಿತ ಕಾನೂನು ನೆರವಿನಿಂದ ಒಬ್ಬ ವಕೀಲೆ ಸಿಕ್ಕಿದ್ದರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೈಯಲ್ಲಿ ಯಾವಾಗಲೂ ಹೊರಲಾರದಷ್ಟು ಫೈಲು. ಷರತ್ತು ಸಡಿಲಿಸಿ ಎಂದು ಅವರು ಅರ್ಜಿ ಹಾಕಿದರು, ಅದಕ್ಕೂ ವಾಯಿದೆ ಬಿತ್ತು. ಒಮ್ಮೆ ಫೈಲು ಬರಲಿಲ್ಲ, ಒಮ್ಮೆ ಸರ್ಕಾರಿ ವಕೀಲರು ಬರಲಿಲ್ಲ, ಒಮ್ಮೆ ಕರೆಂಟು ಬರಲಿಲ್ಲ. ಕೆಲವು ಸಲ ತಮ್ಮನನ್ನು ಕೋರ್ಟಿಗೂ ಕರೆತರುತ್ತಿರಲಿಲ್ಲ, ಜೈಲಿನಿಂದಲೇ ಟಿವಿಯಲ್ಲಿ ತೋರಿಸುತ್ತಿದ್ದರು. ತಮ್ಮನ ಹೆಂಡತಿ ಹಟ್ಟಿಯಿಂದ ನಸುಕಿನಲ್ಲೇ ಹೊರಟು ಬಂದು, ಗಂಡನ ಮುಖ ಪರದೆಯ ಮೇಲೆ ಮೂಡಿ ಮಾಯವಾಗುವುದನ್ನು ಬಾಗಿಲ ಸಂದಿಯಿಂದ ನೋಡಿ, ಮತ್ತೆ ಬಸ್ಸು ಹತ್ತುತ್ತಿದ್ದಳು. ಮಂದೆಯನ್ನು ಒಬ್ಬಳೇ ಸಂಭಾಳಿಸಲಾರದೆ ಅವಳು ಕುರಿಗಳನ್ನು ಒಂದೊಂದಾಗಿ ಸಂತೆಗೆ ಹೊಡೆಯುತ್ತಿದ್ದಳು. ಅದನ್ನು ತಮ್ಮನಿಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಿದ್ದಳು.

ನಾನು ಬಿಡುವಾದಾಗಲೆಲ್ಲ ಹೊಸದುರ್ಗದಿಂದ ಬಸ್ಸು ಹಿಡಿದು ಜಿಲ್ಲಾ ಜೈಲಿರುವ ದುರ್ಗಕ್ಕೆ ಹೋಗುತ್ತಿದ್ದೆ. ಜೈಲಿನಲ್ಲಿ ಭೇಟಿಗೆ ‘ಇಂಟರ್‌ವ್ಯೂ’ ಅನ್ನುತ್ತಾರೆ. ಕಾಯಂ ಕೆಲಸಕ್ಕೆಂದು ನಾನು ಕೊಟ್ಟ ಇಂಟರ್‌ವ್ಯೂಗಳಲ್ಲಿ ಒಂದರಲ್ಲೂ ಪಾಸಾಗಿಲ್ಲ, ಇದರಲ್ಲಿ ಪ್ರತಿ ಸಲವೂ ಪಾಸು. ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ನಿಂತು ನಿಂತು ನನಗೆ ಒಂದು ಅಭ್ಯಾಸವಾಯಿತು. ಯಾರು ಎಲ್ಲಿಂದ ಬಂದವರು ಎಂದು ಕೇಳುವುದು. ಹಟ್ಟಿಯವರು, ತಾಂಡಾದವರು, ಕಾಲೋನಿಯವರು, ಊರಾಚೆ ಗುಡಿಸಲು ಹಾಕಿಕೊಂಡವರು, ಟೌನಿನಲ್ಲಿ ಗುಜರಿ ಅಂಗಡಿ, ಪಂಕ್ಚರ್ ಅಂಗಡಿಯ ಸಾಬರು. ಅಡಿಕೆ ಮಂಡಿಯವರ ಮನೆಯ ಒಬ್ಬ ಹೆಂಗಸೂ ಆ ಸಾಲಿನಲ್ಲಿ ನಿಂತದ್ದನ್ನು ನಾನು ನೋಡಲಿಲ್ಲ. ಅವರ ಗಂಡಸರೆಲ್ಲ ದೇವರಂಥವರು ಎಂದು ನಂಬಲು ನನಗೆ ಮನಸ್ಸಿಲ್ಲ. ಅವರಿಗೆ ಪಹಣಿ ಇದೆ, ಫೋನ್ ಎತ್ತುವ ವಕೀಲರಿದ್ದಾರೆ, ಜಾಮೀನು ನಿಲ್ಲುವ ಭಾವಮೈದುನ ಇದ್ದಾನೆ. ಜೈಲಿನ ಬಾಗಿಲಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಆದಾಯ ಕೇಳುವುದಿಲ್ಲ. ಕೇಳುವ ಅಗತ್ಯವೇ ಬೀಳುವುದಿಲ್ಲ.

ಮೊದಮೊದಲು ಇದನ್ನೆಲ್ಲ ಯೋಚಿಸಿದರೆ ಸಿಟ್ಟು ಬರುತ್ತಿತ್ತು. ಬರುಬರುತ್ತಾ ಸಿಟ್ಟಿಗೂ ಶಕ್ತಿ ಬೇಕು ಎಂದು ತಿಳಿಯಿತು. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಸೆರಗು ಹೊದ್ದುಕೊಂಡು, ಸುಮ್ಮನೆ ಮುಂದಿನವರ ಬೆನ್ನು ನೋಡುತ್ತಾ ನಿಲ್ಲುತ್ತಿದ್ದೆ.

ಸಾಲಿನಲ್ಲಿ ನನಗೆ ಜೊತೆಯಾಗಿದ್ದವಳು ತಾಂಡಾದ ಒಬ್ಬ ಹೆಂಗಸು. ಹೊಸದುರ್ಗದ ಕಡೆಯವಳೇ. ಅವಳ ಗಂಡ ಬೈಕು ಕಳವಿನ ಕೇಸಿನಲ್ಲಿ ಒಳಗಿದ್ದ. ಇದೇ ಮೊದಲಲ್ಲ, ಹಿಂದೆಯೂ ಹೋಗಿ ಬಂದವನು. ಅವಳು ನನ್ನನ್ನು ಟೀಚರಮ್ಮ ಅನ್ನುತ್ತಿದ್ದಳು. ಜಾಸ್ತಿ ಮಾತಾಡುವವಳಲ್ಲ. ನಾನು ತಡವಾಗಿ ಬಂದರೆ ಸಾಲಿನಲ್ಲಿ ನನಗೆ ಜಾಗ ಹಿಡಿದಿರುತ್ತಿದ್ದಳು.

ಒಳಗೆ ಜಾಲರಿಯ ಆಚೆ ತಮ್ಮ ನಿಲ್ಲುತ್ತಿದ್ದ. ಪ್ರತಿ ಸಲವೂ ಅವನ ಮೊದಲ ಪ್ರಶ್ನೆ ಕುರಿಗಳದ್ದು. ಹೊಟ್ಟೆ ತುಂಬ ಮೇಯುತ್ತಿವೆ ಎಂದು ನಾನು ಸುಳ್ಳು ಹೇಳುತ್ತಿದ್ದೆ.

‘ಇಲ್ಲಿ ಸಂಜೆ ಆದ್ರೆ ನಮ್ನೂ ಎಣಿಸಿ ಒಳಗೆ ಕೂಡ್ತಾರೆ ಕಣಕ್ಕ’ ಅಂದ ಒಂದು ದಿನ. ‘ನಾನು ಕುರಿ ಎಣಿಸ್ತಿದ್ನಲ್ಲ, ಥೇಟ್ ಹಂಗೇ. ಆದ್ರೆ ನಾನು ಎಣಿಸೋವಾಗ ಹೊಟ್ಟೆ ಮುಟ್ಟಿ ನೋಡ್ತಿದ್ದೆ. ಯಾವ್ದು ಮೇದೈತೆ, ಯಾವ್ದು ಮೇದಿಲ್ಲ ಅಂತ. ಇವ್ರು ಬರೀ ತಲೆ ಎಣಿಸ್ತಾರೆ.’

ಒಂದು ದಿನ ವಕೀಲೆ ನನಗೆ ಫೋನು ಮಾಡಿದರು. ‘ಮೇಡಂ, ಒಂದು ದಾರಿ ಇದೆ. ನಿಮ್ಮ ತಮ್ಮ ಒಳಗಿದ್ದು ವರ್ಷದ ಮೇಲಾಯಿತು. ಈ ಕೇಸು ನಡೆದು ಶಿಕ್ಷೆ ಆದರೂ ಇಷ್ಟು ದಿನ ಆಗುತ್ತದೋ ಇಲ್ಲವೋ. ಅವರು ತಪ್ಪೊಪ್ಪಿಕೊಂಡರೆ, ಒಳಗೆ ಕಳೆದ ದಿನಗಳನ್ನೇ ಶಿಕ್ಷೆ ಎಂದು ಪರಿಗಣಿಸಿ ಅಂತ ಕೇಳಿಕೊಳ್ಳುತ್ತೇನೆ. ಬಹುಶಃ ಅವತ್ತೇ ಬಿಡುಗಡೆ. ಇಲ್ಲ ಅಂದರೆ ಇನ್ನೂ ಎಷ್ಟು ತಿಂಗಳೋ, ನಾನು ಹೇಳಲಾರೆ.’ ಅವರ ದನಿಯೂ ದಣಿದಿತ್ತು. ಇದೇ ಮಾತನ್ನು ಅವರು ಆ ವಾರ ಇನ್ನೆಷ್ಟು ಮನೆಗಳಿಗೆ ಹೇಳಿದ್ದರೋ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಹಟ್ಟಿಯಲ್ಲಿ ಹುಟ್ಟಿದ ದಿನದಿಂದ ಅವನು ಅನ್ನುತ್ತಾ ಬಂದಿರುವ ಮಾತು. ಕಂಡಕ್ಟರ್‌ಗೆ, ಕುರಿಗೆ, ಕಾಲು ತುಳಿದವನಿಗೆ ಅಂದ ಮಾತು. ಇನ್ನೊಂದು ಸಲ ಅಂದರೆ ಮನೆಗೆ ಬರುತ್ತಾನೆ. ನಾನು ದ್ವೇಷಿಸಿದ ಮಾತೇ ಅವನನ್ನು ಬಿಡಿಸುತ್ತದೆ ಅಂದರೆ, ಬಿಡಿಸಲಿ.

ಮುಂದಿನ ಭೇಟಿಯಲ್ಲಿ ಜಾಲರಿಗೆ ಬಾಯಿ ಹಚ್ಚಿ ಎಲ್ಲ ಹೇಳಿದೆ. 

‘ತಪ್ಪಾತು ಅಂದ್ರೆ ಅವ್ರು ಏನಂತ ಬರ್ಕಂತಾರಕ್ಕ?’

‘ಏನಾದ್ರೂ ಬರ್ಕಳ್ಲಿ ಬಿಡೋ. ಮನೆಗೆ ಬಾ.’

‘ಏನಂತ ಬರ್ಕಂತಾರೆ ಹೇಳು.’

‘ಕುರಿ ಕದ್ದೆ ಅಂತ ಒಪ್ಕೊಂಡ, ಅಂತ ಬರ್ಕಂತಾರೆ.’

ಅವನು ಜಾಲರಿಯ ತಂತಿಯನ್ನು ಬೆರಳಿನಿಂದ ಸವರಿದ. ‘ನಮ್ಮಪ್ಪ ಆ ಮುದಿ ಕುರೀನ ಸಾಯೋ ತನಕ ಸಾಕಿದ್ದ, ನೆನಪೈತಾ?’ ಅಂದ. ಅಷ್ಟರಲ್ಲಿ ಸಮಯ ಮುಗಿಯಿತು. ಅವನು ಆಗಲಿ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆಗಲಿ ಅಂದ ಎಂದೇ ನಾನು ತಿಳಿದುಕೊಂಡೆ. ತಮ್ಮನ ಹೆಂಡತಿಗೂ ಹಾಗೇ ಹೇಳಿದೆ.

ಕೋರ್ಟಿನ ದಿನ ಅವಳು ಹೊಸ ಅಂಗಿ ಪಂಚೆಯನ್ನು ಚೀಲದಲ್ಲಿ ಮಡಿಸಿಟ್ಟುಕೊಂಡು ಬಂದಿದ್ದಳು. ಹಟ್ಟಿಗೆ ಹೋಗುವ ಮುಂಚೆ ಎಲ್ಲಾದರೂ ಸ್ನಾನ ಮಾಡಿಸಿ ಬಟ್ಟೆ ಬದಲಾಯಿಸಬೇಕು ಎನ್ನುವುದು ಅವಳ ಯೋಚನೆ. ‘ಜೈಲಿನ ಮೈಲಿಗೆ ಬಟ್ಟೇಲಿ ಹಟ್ಟಿ ಒಳಗೆ ಬರಬಾರ್ದು ಅಲ್ಲೇನತ್ತಿಗೆ?’ ಅಂದಳು. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ಅವತ್ತು ತಲೆಯಾಡಿಸಿದೆ. ಅವಳು ಹೊರಗೆ ಬೇವಿನ ಮರದ ಬುಡದಲ್ಲಿ ಕೂತಳು. ನಾನು ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಅವತ್ತು ತಮ್ಮನನ್ನು ಟಿವಿಯಲ್ಲಿ ಅಲ್ಲ, ವ್ಯಾನಿನಲ್ಲೇ ಕರೆತಂದಿದ್ದರು. ಕಟಕಟೆಯಲ್ಲಿ ನಿಂತಾಗ ಅವನು ಎಷ್ಟು ಇಳಿದು ಹೋಗಿದ್ದಾನೆ ಎಂದು ಕಂಡಿತು. ಜಾಲರಿಯ ಆಚೆ ಅವನು ಪೂರ್ತಿಯಾಗಿ ಕಾಣುತ್ತಿರಲಿಲ್ಲ. ನ್ಯಾಯಾಧೀಶರು ಆಪಾದನೆಯನ್ನು ಓದಿದರು. ಸಿಡುಕಿನವರಲ್ಲ, ನಿಧಾನವಾಗಿಯೇ ಕೇಳಿದರು.

‘ಏನಪ್ಪ, ನಿನ್ನ ಮೇಲಿನ ಆಪಾದನೆ ಅರ್ಥ ಆಯಿತಾ? ತಪ್ಪು ಒಪ್ಪಿಕೊಳ್ಳುತ್ತೀಯಾ?’

ವಕೀಲೆ ಅವನ ಕಡೆ ತಿರುಗಿ ತಲೆಯಾಡಿಸಿದರು. ನನ್ನ ತುಟಿಗಳು ನನಗೇ ತಿಳಿಯದಂತೆ ಆ ಮಾತನ್ನು ಅನ್ನುತ್ತಿದ್ದವು.

ತಮ್ಮ ಎರಡೂ ಕೈ ಮುಗಿದ. ‘ಇಲ್ಲ ಸ್ವಾಮಿ’ ಅಂದ.

ವಕೀಲೆ ಫೈಲು ಮುಚ್ಚಿದರು. ‘ಸರಿಯಾಗಿ ಯೋಚನೆ ಮಾಡಿ ಹೇಳು’ ಅಂದರು ನ್ಯಾಯಾಧೀಶರು.

‘ಯೋಚ್ನೆ ಮಾಡೀನಿ ಸ್ವಾಮಿ. ವರ್ಷದಿಂದ ಅದನ್ನೇ ಮಾಡೀನಿ. ತಪ್ಪಿದ್ದು ಕುರಿ. ನಾನು ತಪ್ಪಿಲ್ಲ.’

ಯಾರೋ ನಕ್ಕರು, ಯಾರೋ ಕೆಮ್ಮಿದರು. ನ್ಯಾಯಾಧೀಶರು ನಗಲಿಲ್ಲ. ಅವನ ಮುಖವನ್ನು ಒಂದು ಗಳಿಗೆ ನೋಡಿ, ಬರೆಸಬೇಕಾದದ್ದನ್ನು ಬರೆಸಿದರು. ವಿಚಾರಣೆಗೆ ಮುಂದಿನ ತಾರೀಖು ಬಿತ್ತು. ಮುಂದಿನ ಹೆಸರು ಕೂಗಿದರು. ಎಲ್ಲ ಮುಗಿಯಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ನಾನು ವರಾಂಡಕ್ಕೆ ಓಡಿದೆ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತ್ತು, ನಿಜ ಹೇಳುತ್ತೇನೆ. ‘ಲೇ, ನಾಯಿ ನರಿಗೆಲ್ಲ ತಪ್ಪಾತು ಅಂದೋನು, ಇವತ್ತೇನಾಗಿತ್ತೋ ನಿಂಗೆ? ಅಲ್ಲಿ ಮರದ ಕೆಳಗೆ ಕುಂತವಳಿಗೆ ಏನಂತ ಹೇಳ್ಲಿ?’ ಎಂದು ಕೂಗಿದೆ. ಅವನು ಪೊಲೀಸರ ನಡುವೆ ನಡೆಯುತ್ತಲೇ ತಿರುಗಿ ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

‘ಅದು ಬರೀ ಮಾತಾಗಿದ್ರೆ ಅಂತಿದ್ದೆ ಕಣಕ್ಕ’ ಅಂದ.

ವ್ಯಾನು ಹೊರಟಿತು. ತಮ್ಮನ ಹೆಂಡತಿ ಚೀಲ ಹಿಡಿದು ಎದ್ದು ನಿಂತಿದ್ದಳು. ವ್ಯಾನು ಗೇಟು ದಾಟುವುದನ್ನು ನೋಡಿದ ಮೇಲೆ ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಅಂಗಿಯ ಮಡಿಕೆ ಸರಿಮಾಡಿ ಚೀಲದ ಬಾಯಿ ಕಟ್ಟಿದಳು. ‘ಹೋಗಾಣ ಅತ್ತಿಗೆ, ಕುರಿ ಮೇಯಾಕೆ ಬಿಟ್ಟಿಲ್ಲ ಇವತ್ತು’ ಅಂದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು.

ಆ ಮೇಲೆ ಎರಡು ವಾರ ನಾನು ದುರ್ಗಕ್ಕೆ ಹೋಗಲಿಲ್ಲ. ಸಿಟ್ಟು ಇತ್ತು, ಅದಕ್ಕಿಂತ ಹೆಚ್ಚಾಗಿ ಸುಸ್ತು ಇತ್ತು. ಅವನು ಮಾಡಿದ್ದು ಸರಿ ಎಂದು ಒಂದು ಮನಸ್ಸು, ಸರಿ ಇಟ್ಟುಕೊಂಡು ಉಪ್ಪು ಹಾಕಿ ನೆಕ್ಕೋಣವೇ ಎಂದು ಇನ್ನೊಂದು ಮನಸ್ಸು. ಬಡವರು ಮರ್ಯಾದೆ ಎಂದು ಕೂತರೆ ಅದಕ್ಕೂ ಜೈಲಿನಲ್ಲೇ ಕೂರಬೇಕು. ಇದನ್ನು ಯಾರ ಹತ್ತಿರ ಹೇಳಲಿ? ಕಾಲೇಜಿನಲ್ಲಿ ನನಗೆ ಒಬ್ಬ ತಮ್ಮ ಇರುವುದೇ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ವಾರ ಹೋದೆ. ಸಾಲಿನಲ್ಲಿ ತಾಂಡಾದ ಹೆಂಗಸು ಎಂದಿನ ಹಾಗೆ ನನಗೆ ಜಾಗ ಬಿಟ್ಟಳು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯ.

‘ಯಾಕೆ ಟೀಚರಮ್ಮ, ನಿಮ್ ತಮ್ಮನ್ನ ಬಿಡಲಿಲ್ಲಾ? ತಪ್ಪು ಒಪ್ಕಂಡ್ರೆ ಬಿಡ್ತಾರೆ ಅಂದಿದ್ರಲ್ಲ?’

‘ಒಪ್ಪಿಕೊಳ್ಳಲಿಲ್ಲ’ ಅಂದೆ. ‘ಕದ್ದಿಲ್ಲ ಅಂತ ಹೇಳಿ ಮತ್ತೆ ಒಳಗೆ ಹೋಗಿ ಕೂತ. ಹುಚ್ಚು ನನ್ಮಗ.’

 ಸಾಲು ಸ್ವಲ್ಪ ಮುಂದೆ ಸರಿಯಿತು, ನಾವೂ ಸರಿದೆವು. ಆಮೇಲೆ ಅವಳು ನನ್ನ ಕಡೆ ನೋಡದೆಯೇ ಮಾತಾಡಿದಳು.

‘ನಮ್ಮೋನು ಒಪ್ಕಂಡಿದ್ದ. ಮೊದಲ್ನೇ ಸಲ. ಮಾಡಿರಲಿಲ್ಲ. ನಾನೇ ಕಾಲು ಹಿಡಕಂಡು ಒಪ್ಕ ಅಂದಿದ್ದೆ, ಹಸಿ ಬಾಣಂತಿ ಇದ್ದೆ. ಅವತ್ತೇ ಬಿಟ್ರು. ಆಮೇಲಿಂದ ಎಲ್ಲಿ ಏನು ಕಳವಾದ್ರೂ ಜೀಪು ಮೊದ್ಲು ನಮ್ಮನೆ ಬಾಗ್ಲಿಗೆ ಬರ್ತೈತೆ. ಹೆಸರು ಅಲ್ಲಿ ಕುಂತು ಬಿಡ್ತಲ್ಲ. ಈ ಬೈಕು ಕಳವಾದ ದಿನ ಅವ್ನು ಜ್ವರ ಬಂದು ಮಲಗಿದ್ದ.’

ನಾನು ಅವಳ ಮುಖ ನೋಡಿದೆ. ದೂರು ಹೇಳುವ ಮುಖವಲ್ಲ. ಸಾಲು ಎಷ್ಟು ಮುಂದೆ ಹೋಯಿತು ಎಂದು ನೋಡುತ್ತಿದ್ದಳು, ಅಷ್ಟೇ. ಇಷ್ಟು ತಿಂಗಳು ಅವಳ ಪಕ್ಕದಲ್ಲಿ ನಿಂತಿದ್ದೆ. ಬೈಕು ಕದ್ದವನ ಹೆಂಡತಿ ಎಂದೇ ಅವಳ ಜೊತೆ ಮಾತಾಡಿದ್ದೆ.

ಒಳಗೆ ತಮ್ಮ ಜಾಲರಿಯ ಹತ್ತಿರ ಮೊದಲೇ ಬಂದು ನಿಂತಿದ್ದ. ನಾನು ಬರುವುದಿಲ್ಲ ಅಂದುಕೊಂಡಿದ್ದನೋ ಏನೋ, ಕಂಡ ಕೂಡಲೇ ಮುಖ ಅರಳಿತು.  ಅವನು ಕುರಿಗಳನ್ನು ಕೇಳಿದ. ಇನ್ನು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಮಂದೆ ಕರಗಿದೆ, ಬೆರಳೆಣಿಕೆಯಷ್ಟು ಉಳಿದಿವೆ ಎಂದು ಹೇಳಿಬಿಟ್ಟೆ. ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ.

‘ಗೊತ್ತಿತ್ತು ಬಿಡು’ ಅಂದ. ‘ಅವಳು ಬಂದಾಗ ಕೈಯಲ್ಲಿ ಕುರಿ ವಾಸನೆ ಕಡಿಮೆ ಆಗಿತ್ತು.’

ಅಷ್ಟು ಹೊತ್ತಿಗೆ ಹಿಂದಿನಿಂದ ಕಾವಲಿನವರು ಬಾಗಿಲು ಬಡಿದು, ‘ಟೈಮಾತು, ಟೈಮಾತು! ಎಷ್ಟು ಸಲ ಹೇಳೋದು ನಿಮಗೆ? ನಡೀರಿ!’ ಎಂದು ಜೋರಾಗಿ ಗದರಿದರು. ನಾವು ಬಂದು ನಿಂತು ಇನ್ನೂ ನಾಲ್ಕು ಮಾತಾಡಿರಲಿಲ್ಲ. ನಾನು ಬೆಚ್ಚಿ ಹಿಂದೆ ತಿರುಗಿದೆ. ನನ್ನ ಎರಡೂ ಕೈ ಜೋಡಿಸಿಕೊಂಡಿದ್ದವು.

‘ತಪ್ಪಾತು ಸ್ವಾಮಿ’ ಅಂದೆ.

ಜಾಲರಿಯ ಆಚೆಯಿಂದ ತಮ್ಮ ನನ್ನನ್ನೇ ನೋಡುತ್ತಿದ್ದ.

‘ಅಕ್ಕಾ’ ಅಂದ ಮೆಲ್ಲಗೆ, ‘ನೀನೇನು ತಪ್ಪು ಮಾಡಿದ್ದೆ?’